ಮರುಭೂಮಿ ಬಿಟ್ಟ ಬಿರುಕುಗಳು

ಜೋರ್ಡಾನಿನ ಅಲ್ ಜಫ್ರ್ ಬಳಿ ಮೈಲುಗಟ್ಟಲೆ ಹರಡಿದ ಒಣಗಿದ ಕೆಸರಿನ ಬಯಲಿದೆ. ಹುಲ್ಲುಕಡ್ಡಿಯೂ ಇಲ್ಲದ ಚಪ್ಪಟೆ ನೆಲ. 1961ರಲ್ಲಿ ನಿರ್ದೇಶಕ ಡೇವಿಡ್ ಲೀನ್ ಅಲ್ಲಿ ಕ್ಯಾಮೆರಾ ನಿಲ್ಲಿಸಿ, ಈಜಿಪ್ಟಿನ ನಟ ಒಮರ್ ಷರೀಫರನ್ನು ಒಂಟೆ ಹತ್ತಿಸಿ, ಬರಿಗಣ್ಣಿಗೆ ಕಾಣದಷ್ಟು ದೂರ ಕಳಿಸಿದರು. ಅಲ್ಲಿಂದ ಅವರು ಸೀದಾ ಕ್ಯಾಮೆರಾದತ್ತ ಸವಾರಿ ಮಾಡಿಕೊಂಡು ಬರಬೇಕು. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಪನಾವಿಷನ್ ಕಂಪನಿಯಿಂದ ತಂದಿದ್ದ 482 ಮಿಲಿಮೀಟರಿನ ಲೆನ್ಸನ್ನು ಇದಕ್ಕೆ ಬಳಸಿದರು. ತೆರೆಯ ಮೇಲೆ ಮೊದಲು ಕಾಣುವುದು ನಡುಗುವ ಒಂದು ಕಪ್ಪು ಚುಕ್ಕಿ. ಅದು ಉದ್ದವಾಗುತ್ತದೆ, ನಡುವೆ ತುಂಡಾಗುತ್ತದೆ, ನೀರಿನ ಮೇಲೆ ತೇಲಿಬರುತ್ತದೆ. ಆಮೇಲೆ, ಬಹಳ ಹೊತ್ತಿನ ಮೇಲೆ, ಮನುಷ್ಯನಾಗುತ್ತದೆ.

ನೀರು ಅಲ್ಲಿಲ್ಲ. ನೆಲಕ್ಕೆ ಅಂಟಿದ ಗಾಳಿ ಮೇಲಿನ ಗಾಳಿಗಿಂತ ಹೆಚ್ಚು ಕಾದು ವಿರಳವಾಗಿರುತ್ತದೆ. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ಆ ಪದರದಲ್ಲಿ ಬಾಗಿ, ಮತ್ತೆ ಮೇಲಕ್ಕೆದ್ದು ಕಣ್ಣು ಸೇರುತ್ತದೆ. ನೆಲದ ಜಾಗದಲ್ಲಿ ಆಕಾಶದ ತುಣುಕು ಕಂಡಾಗ ಮಿದುಳು ಅದನ್ನು ನೀರೆಂದು ಓದಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಚಿತ್ರದುರ್ಗದ ಹೆದ್ದಾರಿಯಲ್ಲಿ ಹೋದವರೆಲ್ಲ ಈ ಮರೀಚಿಕೆಯನ್ನು ಕಂಡವರೇ. ಆದರೆ ಅದನ್ನು ಸಿನಿಮಾದಲ್ಲಿ ಹಿಡಿದಿಡಲು ಯಂಗ್ ಅವರಿಗೆ ಬೇಕಾಗಿದ್ದದ್ದು ಲೆನ್ಸ್ ಒಂದೇ ಅಲ್ಲ, ಅಗಲವಾದ ಫಿಲ್ಮ್ ಕೂಡ.

‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರೀಕರಣಗೊಂಡದ್ದು 65 ಮಿಲಿಮೀಟರ್ ನೆಗೆಟಿವ್ ಮೇಲೆ. ಅದರ ಒಂದು ಚೌಕಟ್ಟಿನ ವಿಸ್ತೀರ್ಣ ಮಾಮೂಲಿ 35 ಮಿಲಿಮೀಟರ್ ಚೌಕಟ್ಟಿನ ಮೂರು ಪಟ್ಟಿಗೂ ಹೆಚ್ಚು. ಟಾಕೀಸಿಗೆ ಹೋಗುವ ಪ್ರಿಂಟ್ 70 ಮಿಲಿಮೀಟರಿನದು. ಹೆಚ್ಚುವರಿ 5 ಮಿಲಿಮೀಟರ್ ಜಾಗದಲ್ಲಿ ಕಾಂತೀಯ ಧ್ವನಿಪಟ್ಟಿಗಳು ಕೂರುತ್ತವೆ. ಒಟ್ಟು ಆರು ಟ್ರ್ಯಾಕ್. ಮೊದಲ ವಿಶ್ವಯುದ್ಧದಲ್ಲಿ ಆಟೊಮನ್ ತುರ್ಕರ ವಿರುದ್ಧ ಅರಬರು ಎದ್ದ ದಂಗೆ ಮತ್ತು ಅದರ ನಡುವೆ ಸಿಕ್ಕಿಕೊಂಡ ಬ್ರಿಟಿಷ್ ಅಧಿಕಾರಿ ಟಿ.ಇ. ಲಾರೆನ್ಸ್‌ನ ಕತೆ ಇದು. ಲಾರೆನ್ಸ್ ಪಾತ್ರ ಪೀಟರ್ ಓಟೂಲ್ ಅವರದು. ಮರುಭೂಮಿಯಲ್ಲಿ ಹಿಂದುಳಿದು ಲಾರೆನ್ಸ್‌ನ ಕೈಯಿಂದಲೇ ಬದುಕಿ, ಅವನ ಕೈಯಿಂದಲೇ ಸಾಯುವ ಗಾಸಿಮ್ ಪಾತ್ರದಲ್ಲಿ ನಮ್ಮ ಹಿಂದಿ ಚಿತ್ರಗಳ ಐ.ಎಸ್. ಜೋಹರ್ ಇದ್ದಾರೆ. 1962ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ ಏಳು ಆಸ್ಕರ್ ಗೆದ್ದಿತು.

ಇಷ್ಟು ವಿವರ ತುಂಬಿದ್ದ ಚಿತ್ರ 1980ರ ದಶಕದಲ್ಲಿ ಮನೆಗಳಿಗೆ ಬಂದದ್ದು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ ಅಡ್ಡಡ್ಡಕ್ಕೆ ಸುಮಾರು 240 ಗೆರೆಗಳನ್ನಷ್ಟೇ ಬೇರೆಬೇರೆಯಾಗಿ ತೋರಿಸಬಲ್ಲದು. ಸಾಲದ್ದಕ್ಕೆ, ಚಿತ್ರದ ಅಗಲ ಎತ್ತರದ 2.2 ಪಟ್ಟು, ಆಗಿನ ಟಿವಿಯ ಅಗಲ ಎತ್ತರದ 1.33 ಪಟ್ಟು. ಪರದೆ ಪೂರ್ತಿ ತುಂಬಬೇಕೆಂದರೆ ಚಿತ್ರದ ಐದರಲ್ಲಿ ಎರಡು ಪಾಲನ್ನು ಕತ್ತರಿಸಿ ಬಿಸಾಡಬೇಕು. ಹಾಗೇ ಮಾಡುತ್ತಿದ್ದರು. ಒಮರ್ ಷರೀಫ್ ಎಂಬ ಚುಕ್ಕಿ ಕ್ಯಾಸೆಟ್ಟಿನ ಗೊರಗೊರ ಮಳೆಯಲ್ಲಿ ಎಲ್ಲೋ ಕರಗಿಹೋಗುತ್ತಿತ್ತು. ಆ ದೃಶ್ಯದಲ್ಲಿ ಬಾವಿಯ ಬಳಿ ನಿಂತವರು ಏನನ್ನು ನೋಡಿ ಬೆಚ್ಚುತ್ತಿದ್ದಾರೆ ಎಂಬುದು ನೋಡುಗರಿಗೆ ತಿಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಮೂಲ ಚಿತ್ರದ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮೊದಲ ಪ್ರದರ್ಶನದಲ್ಲಿ 222 ನಿಮಿಷ ಇದ್ದದ್ದನ್ನು ಕೆಲವೇ ವಾರಗಳಲ್ಲಿ 20 ನಿಮಿಷ ಕತ್ತರಿಸಿದ್ದರು. ದಿನಕ್ಕೆ ಇನ್ನೊಂದು ಆಟ ಸಿಗಲಿ ಎಂಬ ಲೆಕ್ಕ ಅದರ ಹಿಂದಿತ್ತು ಎನ್ನುತ್ತಾರೆ. 1971ರ ಮರುಬಿಡುಗಡೆಗೆ ಇನ್ನಷ್ಟು ಕತ್ತರಿ ಬಿದ್ದು 187 ನಿಮಿಷಕ್ಕೆ ಇಳಿಯಿತು. ಅಂದಿನ ಕತ್ತರಿಯೆಂದರೆ ನಿಜವಾದ ಕತ್ತರಿ: ನೆಗೆಟಿವ್‌ನಿಂದ ತುಂಡು ತೆಗೆದು ಡಬ್ಬಕ್ಕೆ ಹಾಕುವುದು. ಡಬ್ಬದ ಮೇಲೆ ಚೀಟಿ ಸರಿಯಾಗಿದ್ದರೆ ಪುಣ್ಯ.

ರಾಬರ್ಟ್ ಎ. ಹ್ಯಾರಿಸ್ ಎಂಬ ಚಿತ್ರ ಸಂರಕ್ಷಕ ಆ ಡಬ್ಬಗಳ ಬೆನ್ನು ಹತ್ತಿದ್ದು 1980ರ ದಶಕದ ನಡುವಿನಲ್ಲಿ. ಮಾರ್ಟಿನ್ ಸ್ಕಾರ್ಸೇಸಿ, ಸ್ಟೀವನ್ ಸ್ಪೀಲ್‌ಬರ್ಗ್ ಬೆಂಬಲಕ್ಕೆ ನಿಂತರು. ಕೊಲಂಬಿಯಾ ಸ್ಟುಡಿಯೊದ ಉಗ್ರಾಣಗಳಲ್ಲಿ ಬಿದ್ದಿದ್ದ ತುಂಡುಗಳನ್ನು ಹೆಕ್ಕಿ, ಸಾಲು ಹಿಡಿದು, ನೆಗೆಟಿವ್‌ಗೆ ಮತ್ತೆ ಜೋಡಿಸುವ ಕೆಲಸಕ್ಕೆ ವರ್ಷಗಳೇ ಹಿಡಿದವು. ಲೀನ್ ಆಗ 80ರ ಅಂಚಿನಲ್ಲಿದ್ದರು. ಸಿಕ್ಕಿದ್ದನ್ನೆಲ್ಲ ಸೇರಿಸಿ ಎಂದು ಅವರು ಹೇಳಲಿಲ್ಲ. ಸಂಕಲನಕಾರ್ತಿ ಆನ್ ಕೋಟ್ಸ್ ಜೊತೆ ಕೂತು, ಅಂದು ತಮಗೇ ಸರಿಬಾರದ ಕೆಲವು ಜಾಗಗಳನ್ನು ಇನ್ನೊಮ್ಮೆ ಬಿಗಿ ಮಾಡಿದರು. 1989ರ ಫೆಬ್ರುವರಿಯಲ್ಲಿ ತೆರೆಕಂಡ ಆವೃತ್ತಿ 222 ನಿಮಿಷಕ್ಕಿಂತ ತುಸು ಕಡಿಮೆಯೇ ಇತ್ತು. ಮರುಸ್ಥಾಪನೆ ಎಂದರೆ 1962ರ ಆ ರಾತ್ರಿಯನ್ನೇ ಮತ್ತೆ ಕಟ್ಟುವುದೋ, ಮುದಿ ನಿರ್ದೇಶಕನ ಮನಸ್ಸಿನಲ್ಲಿದ್ದ ಚಿತ್ರವನ್ನು ಕಟ್ಟುವುದೋ? ಹ್ಯಾರಿಸ್ ಎರಡನೆಯದನ್ನು ಆಯ್ದುಕೊಂಡರು. ನಿರ್ದೇಶಕ ಬದುಕಿದ್ದರೆ ಆ ಪ್ರಶ್ನೆಗೆ ಬೇರೆ ಉತ್ತರ ಕೊಡುವುದು ಕಷ್ಟ.

ಚಿತ್ರ ಸಿಕ್ಕಿತು, ಧ್ವನಿ ಸಿಗಲಿಲ್ಲ. ವಾಪಸು ಬಂದ ಹಲವು ದೃಶ್ಯಗಳು ಮೂಕವಾಗಿದ್ದವು. ಓಟೂಲ್, ಅಲೆಕ್ ಗಿನ್ನಿಸ್, ಆಂಥನಿ ಕ್ವಿನ್, ಆರ್ಥರ್ ಕೆನಡಿ ಸುಮಾರು ಕಾಲು ಶತಮಾನದ ನಂತರ ಮೈಕಿನ ಮುಂದೆ ನಿಂತು ತಮ್ಮದೇ ತುಟಿಗಳಿಗೆ ಮಾತು ಕೂಡಿಸಿದರು. ವಯಸ್ಸಾದಂತೆ ಧ್ವನಿತಂತುಗಳ ಬಿಗಿ, ದಪ್ಪ ಎರಡೂ ಬದಲಾಗುತ್ತವೆ; ಸಿಗರೇಟು ಸೇದಿದವರಿಗಂತೂ ದನಿ ಇನ್ನೂ ಕೆಳಕ್ಕಿಳಿಯುತ್ತದೆ. ಐವತ್ತು ದಾಟಿದ ಓಟೂಲ್ ಗಂಟಲನ್ನು ಇಪ್ಪತ್ತೊಂಬತ್ತರ ಮುಖಕ್ಕೆ ಹೊಂದಿಸಲು ಸ್ಥಾಯಿಯನ್ನು ಯಂತ್ರದಲ್ಲಿ ಏರಿಸಬೇಕಾಯಿತು. ಜನರಲ್ ಅಲೆನ್‌ಬಿ ಪಾತ್ರದ ಜಾಕ್ ಹಾಕಿನ್ಸ್ 1973ರಲ್ಲೇ ತೀರಿಕೊಂಡಿದ್ದರು. ಅವರ ಮಾತನ್ನು ಆಡಿದ್ದು ಚಾರ್ಲ್ಸ್ ಗ್ರೇ. ಗಂಟಲು ಕ್ಯಾನ್ಸರಿನಿಂದ ಹಾಕಿನ್ಸ್ ದನಿ ಕಳೆದುಕೊಂಡ ಮೇಲೆ ಅವರ ಚಿತ್ರಗಳಿಗೆ ಕಂಠದಾನ ಮಾಡುತ್ತಿದ್ದವರೂ ಇದೇ ಗ್ರೇ ಆಗಿದ್ದರಿಂದ, ಆ ದನಿಯ ಏರಿಳಿತ ಅವರಿಗೆ ಬಾಯಿಪಾಠವಾಗಿತ್ತು.

    

ಹ್ಯಾರಿಸ್ ಕೆಲಸವೆಲ್ಲ ಬೆಳಕು ಮತ್ತು ರಾಸಾಯನಿಕಗಳದ್ದು. ಕಂಪ್ಯೂಟರ್ ಇನ್ನೂ ಆ ಕೋಣೆಗೆ ಬಂದಿರಲಿಲ್ಲ. ಫಿಲ್ಮಿನ ಗೀರು ಮುಚ್ಚಲು ಆಗ ಇದ್ದ ಒಳ್ಳೆಯ ಉಪಾಯ ಒದ್ದೆ ಮುದ್ರಣ. ಫಿಲ್ಮಿನ ಪಾರದರ್ಶಕ ಅಡಿಪದರದ ಮೇಲೆ ಗೀರು ಬಿದ್ದರೆ ಅಲ್ಲಿ ಬೆಳಕು ಚೆದುರಿ, ಪ್ರಿಂಟಿನಲ್ಲಿ ಗೆರೆಯಾಗಿ ಕಾಣುತ್ತದೆ. ಪರ್‌ಕ್ಲೋರೋಎಥಿಲೀನ್ ಎಂಬ ದ್ರವದ ವಕ್ರೀಭವನ ಸೂಚ್ಯಂಕ ಆ ಅಡಿಪದರದ್ದಕ್ಕೆ ಹೆಚ್ಚುಕಡಿಮೆ ಸಮ, ಎರಡೂ 1.5ರ ಆಸುಪಾಸು. ಫಿಲ್ಮನ್ನು ಈ ದ್ರವದಲ್ಲಿ ಅದ್ದಿ ಮುದ್ರಿಸಿದರೆ ದ್ರವ ಗೀರಿನೊಳಗೆ ತುಂಬಿಕೊಳ್ಳುತ್ತದೆ. ಬೆಳಕಿಗೆ ಅಲ್ಲಿ ಗೀರಿದ್ದ ಸುಳಿವೇ ಸಿಗುವುದಿಲ್ಲ. ಬಟ್ಟೆಗಳ ಡ್ರೈ ಕ್ಲೀನಿಂಗ್‌ಗೆ ಬಳಸುವ ದ್ರವವೂ ಇದೇ. ಆದರೆ ಗೀರು ಬಣ್ಣವಿರುವ ಎಮಲ್ಷನ್ ಪದರವನ್ನೇ ಕಿತ್ತುಕೊಂಡು ಹೋಗಿದ್ದರೆ ಯಾವ ದ್ರವವೂ ಅದನ್ನು ವಾಪಸು ತರಲಾರದು.

ಲಾರೆನ್ಸ್‌ಗೆ ಬಿದ್ದ ಪೆಟ್ಟು ಈ ಎರಡನೆಯ ಜಾತಿಯದು.

ಎಮಲ್ಷನ್ ಎಂದರೆ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಅಂಟು. ಅದಕ್ಕೆ ತೇವ ಹೆಚ್ಚಾದರೆ ಉಬ್ಬುತ್ತದೆ, ಕಡಿಮೆಯಾದರೆ ಬಿಗಿದುಕೊಳ್ಳುತ್ತದೆ. ಜೋರ್ಡಾನಿನ ಬಿಸಿಲಿನಲ್ಲಿ ಕ್ಯಾಮೆರಾದ ಮೇಲೆ ಕೊಡೆ ಹಿಡಿದು, ಒದ್ದೆ ಬಟ್ಟೆ ಹೊದಿಸಿ ತಂಪು ಮಾಡುತ್ತಿದ್ದರಂತೆ. ಆದರೂ ಒಣಗಾಳಿ, ಕಾವು ತಮ್ಮ ಕೆಲಸ ಮಾಡಿದ್ದವು. ಒಣಗಿದ ಕೆರೆಯಂಗಳದಂತೆ ಎಮಲ್ಷನ್ ಅಲ್ಲಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. 2012ರ ಸುವರ್ಣ ವರ್ಷಕ್ಕೆಂದು ಸೋನಿ ಪಿಕ್ಚರ್ಸ್‌ನ ಗ್ರೋವರ್ ಕ್ರಿಸ್ಪ್ ತಂಡ ಮೂಲ ನೆಗೆಟಿವ್ ಅನ್ನು 8ಕೆ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿದಾಗ, ಈ ನೆಟ್ಟನೆಯ ಗೆರೆಗಳು ಎಂದೂ ಕಾಣದಷ್ಟು ನಿಚ್ಚಳವಾಗಿ ಎದ್ದುಬಂದವು. ನೆಗೆಟಿವ್‌ನಿಂದ ಪ್ರಿಂಟ್, ಪ್ರಿಂಟಿನಿಂದ ತೆರೆ ಎಂದು ದಾಟುವಾಗ ಅಷ್ಟಿಷ್ಟು ಮಸುಕಾಗಿ ಅಡಗಿಕೊಳ್ಳುತ್ತಿದ್ದ ದೋಷವನ್ನು ಸ್ಕ್ಯಾನರ್ ಬೀದಿಗೆಳೆಯಿತು.

ಇಲ್ಲೊಂದು ಸ್ವಾರಸ್ಯವಾದ ತೊಡಕು. ಉಗ್ರಾಣದ ದೂಳು, ಪ್ರೊಜೆಕ್ಟರಿನ ಗೀರು ಇವೆಲ್ಲ ಕಾಲ ಮಾಡಿದ ಗಾಯ. ಆದರೆ ಈ ಬಿರುಕಿಗೆ ಬೀಜ ಬಿದ್ದದ್ದು ಚಿತ್ರ ಹುಟ್ಟಿದ ಮರುಭೂಮಿಯಲ್ಲೇ. ಹಾಗಿದ್ದ ಮೇಲೆ ಅದನ್ನು ಅಳಿಸಬಹುದೆ? ಕ್ರಿಸ್ಪ್ ತಂಡ ಅಳಿಸಿತು, ಮತ್ತು ಅದು ಸರಿಯೇ. ಯಂಗ್ ಹಿಡಿಯಬೇಕೆಂದಿದ್ದದ್ದು ಕಾದ ಗಾಳಿಯ ನಡುಕವನ್ನು, ಜೆಲಟಿನ್ ಸೀಳಿದ್ದನ್ನಲ್ಲ.

ಅಳಿಸುವುದು ಹೇಗೆ? ದೂಳಿನ ಕತೆ ಸುಲಭ. ದೂಳಿನ ಕಣ ಒಂದೇ ಚೌಕಟ್ಟಿನಲ್ಲಿ ಇರುತ್ತದೆ, ಸೆಕೆಂಡಿನ ಇಪ್ಪತ್ನಾಲ್ಕನೆಯ ಒಂದು ಭಾಗ ಕಂಡು ಮಾಯವಾಗುತ್ತದೆ. ಸಾಫ್ಟ್‌ವೇರ್ ಹಿಂದಿನ ಮತ್ತು ಮುಂದಿನ ಚೌಕಟ್ಟುಗಳನ್ನು ಪಕ್ಕದಲ್ಲಿಟ್ಟು, ಅಲ್ಲೆರಡರಲ್ಲೂ ಇಲ್ಲದ್ದು ಇಲ್ಲಿದ್ದರೆ ಅದು ದೂಳೆಂದು ತೀರ್ಮಾನಿಸಿ ಪಕ್ಕದಿಂದ ತೇಪೆ ತರುತ್ತದೆ. ಕೆಲವು ಸ್ಕ್ಯಾನರುಗಳು ಅವಕೆಂಪು ಕಿರಣದಲ್ಲೂ ಒಂದು ಚಿತ್ರ ತೆಗೆದುಕೊಳ್ಳುತ್ತವೆ: ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಆ ಕಿರಣವನ್ನು ತಡೆಯುವುದಿಲ್ಲ, ದೂಳು ತಡೆಯುತ್ತದೆ. ಹಾಗಾಗಿ ಅವಕೆಂಪು ಚಿತ್ರದಲ್ಲಿ ದೃಶ್ಯ ಬಹುಪಾಲು ಮಾಯವಾಗಿ ಕಸ ಮಾತ್ರ ಉಳಿಯುತ್ತದೆ. ಎರಡಕ್ಕೂ ಕಾವಲು ಬೇಕು. ಚೌಕಟ್ಟು ಹೋಲಿಸುವ ಯಂತ್ರಕ್ಕೆ ಒಂಟೆಯ ಗೊರಸಿನಿಂದ ಚಿಮ್ಮಿದ ಮರಳೂ ಕಸದಂತೆಯೇ ಕಾಣುತ್ತದೆ. ಮಳೆಹನಿ, ಕಿಡಿ, ಹಾರುವ ಬಾಣಗಳಿಗೂ ಅದೇ ಗತಿ.

ಬಿರುಕು ಹಾಗಲ್ಲ. ಅದು ಒಂದರ ಹಿಂದೊಂದು ಚೌಕಟ್ಟಿನಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತಿರುತ್ತದೆ. ಪಕ್ಕದ ಚೌಕಟ್ಟಿನಿಂದ ತೇಪೆ ತರೋಣವೆಂದರೆ ಅಲ್ಲೂ ಬಿರುಕೇ. ಚಿತ್ರದ್ದೇ ಆದ ನೆಟ್ಟನೆಯ ಗೆರೆಗಳೂ ಇರುತ್ತವಲ್ಲ, ಡೇರೆಯ ಕಂಬ, ಬಂದೂಕಿನ ನಳಿಗೆ, ನಿಲುವಂಗಿಯ ನೆರಿಗೆ! ಸಿದ್ಧ ಉಪಕರಣಗಳು ಕೈಚೆಲ್ಲಿದ್ದರಿಂದ ಈ ಚಿತ್ರಕ್ಕೆಂದೇ ಹೊಸ ಸಾಫ್ಟ್‌ವೇರ್ ಬರೆಸಬೇಕಾಯಿತು. ಆಮೇಲೂ ಕೈಕೆಲಸ ತಪ್ಪಲಿಲ್ಲ. ಸಂಗೀತ ಸೇರಿ 227 ನಿಮಿಷದ ಈ ಆವೃತ್ತಿಯಲ್ಲಿ ಸುಮಾರು 3.27 ಲಕ್ಷ ಚೌಕಟ್ಟುಗಳಿವೆ. 2012ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಹೊಸ ಆವೃತ್ತಿ ತೆರೆಕಂಡಿತು. ನವೆಂಬರಿನಲ್ಲಿ ಬ್ಲೂ-ರೇ ಬಂತು.

ಫಿಲ್ಮಿಗೆ ಬಿಸಿಲಿಗಿಂತ ದೊಡ್ಡ ಶತ್ರು ಸೆಕೆ. ಅಸಿಟೇಟ್ ಅಡಿಪದರ ತೇವ ಮತ್ತು ಕಾವಿನಲ್ಲಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮತ್ತಷ್ಟು ಒಡೆತಕ್ಕೆ ವೇಗ ಕೊಡುತ್ತದೆ. ಡಬ್ಬ ತೆಗೆದೊಡನೆ ವಿನೆಗರ್ ವಾಸನೆ ಹೊಡೆದರೆ ಕಾಯಿಲೆ ಶುರುವಾಗಿದೆ ಎಂದರ್ಥ. ನಮ್ಮ ಹವೆಯಲ್ಲಿ ತಂಪು ಕೋಣೆಯಿಲ್ಲದ ಲ್ಯಾಬಿನ ಮೂಲೆಯಲ್ಲಿ ಬಿದ್ದ ರೀಲು ಎಷ್ಟು ದಿನ ಬಾಳೀತು? 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ, ಅದರ ಒಂದು ಪ್ರಿಂಟೂ ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಅದೃಷ್ಟ ಚೆನ್ನಾಗಿತ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್ ಹಿಡಿದು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಸರಿಪಡಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿತು. ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’ಯಂಥ ಐತಿಹಾಸಿಕ ಚಿತ್ರಗಳಿಗೂ ಇಂಥ ಸರದಿ ಬರಬೇಕು.

ಬಣ್ಣ ಮಾಸುವುದು ಇನ್ನೊಂದು ರೋಗ. ಫಿಲ್ಮಿನಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ವರ್ಣದ್ರವ್ಯಗಳಿರುತ್ತವೆ, ಮೂರೂ ಒಂದೇ ವೇಗದಲ್ಲಿ ಸಾಯುವುದಿಲ್ಲ. ಹಳೆಯ ಈಸ್ಟ್‌ಮನ್ ಕಲರ್ ಪ್ರಿಂಟುಗಳು ಗುಲಾಬಿಗೆ ತಿರುಗುವುದು ಸಯಾನ್ ಮೊದಲು ಹೋಗುವುದರಿಂದ. ದೂರಾಲೋಚನೆಯಿದ್ದ ಸ್ಟುಡಿಯೊಗಳು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೇರೆಬೇರೆಯಾಗಿ ಮೂರು ಕಪ್ಪು-ಬಿಳುಪು ಫಿಲ್ಮುಗಳಲ್ಲಿ ಇಳಿಸಿಡುತ್ತಿದ್ದವು. ಕಪ್ಪು-ಬಿಳುಪಿನಲ್ಲಿರುವುದು ಬೆಳ್ಳಿ, ಅದು ಮಾಸದು. ಸ್ಟ್ಯಾನ್ಲಿ ಕ್ಯೂಬ್ರಿಕ್‌ರ 1960ರ ‘ಸ್ಪಾರ್ಟಕಸ್’ ನೆಗೆಟಿವ್ ಬಣ್ಣ ಕಳೆದುಕೊಂಡಿದ್ದಾಗ, 1991ರಲ್ಲಿ ಅದೇ ಹ್ಯಾರಿಸ್ ಈ ಬೆಳ್ಳಿಯ ಮೂರು ಪ್ರತಿಗಳನ್ನು ಒಂದರ ಮೇಲೊಂದು ಕೂರಿಸಿ ಬಣ್ಣ ಮರಳಿ ಪಡೆದರು. ಅಲ್ಲೂ ಒಂದು ದೃಶ್ಯಕ್ಕೆ ಧ್ವನಿ ಇರಲಿಲ್ಲ. ನಟ ಲಾರೆನ್ಸ್ ಒಲಿವಿಯರ್ 1989ರಲ್ಲಿ ತೀರಿಕೊಂಡಿದ್ದರಿಂದ, ಅವರ ದನಿಯನ್ನು ಥೇಟ್ ಅನುಕರಿಸಬಲ್ಲ ಆಂಥನಿ ಹಾಪ್ಕಿನ್ಸ್ ಬಂದು ಮಾತಾಡಿದರು.

ಇದೇ ಸ್ಪಾರ್ಟಕಸ್ 2010ರಲ್ಲಿ ಬ್ಲೂ-ರೇ ಆಗಿ ಬಂದಾಗ ಹ್ಯಾರಿಸ್ ಸೇರಿದಂತೆ ಬಲ್ಲವರು ಹಲ್ಲು ಕಡಿದರು. ತಪ್ಪು ಏನಾಗಿತ್ತೆಂದರೆ, ಅತಿಯಾಗಿ ತೊಳೆದಿದ್ದರು. ಫಿಲ್ಮಿನ ಚಿತ್ರ ಪಿಕ್ಸೆಲ್‌ಗಳ ಸಾಲಲ್ಲ. ಬೆಳ್ಳಿಯ ಹರಳುಗಳಿದ್ದ ಜಾಗದಲ್ಲಿ ಉಳಿದ ಬಣ್ಣದ ಸಣ್ಣ ಸಣ್ಣ ಮೋಡಗಳ ಗುಂಪು. ಪ್ರತಿ ಚೌಕಟ್ಟಿನಲ್ಲೂ ಅವುಗಳ ಜೋಡಣೆ ಬೇರೆ. ಹಾಗಾಗಿಯೇ ತೆರೆಯ ಮೇಲೆ ನವಿರಾದ ಕುದಿತ ಕಾಣುತ್ತದೆ. ಇದನ್ನು ‘ಗ್ರೇನ್’ ಎನ್ನುತ್ತಾರೆ. ಅದು ದೋಷವೆಂದುಕೊಂಡ ಸಾಫ್ಟ್‌ವೇರ್ ಚೌಕಟ್ಟುಗಳ ಸರಾಸರಿ ತೆಗೆದು ಅದನ್ನು ನುಣ್ಣಗೆ ಮಾಡುತ್ತದೆ. ಗ್ರೇನಿನ ಜೊತೆಗೆ ಮುಖದ ಬೆವರು, ಚರ್ಮದ ರಂಧ್ರ, ಗಡ್ಡದ ಎಳೆಗಳೂ ಕೊಚ್ಚಿಹೋಗಿ ರೋಮಿನ ಗುಲಾಮರು ಮೇಣದ ಗೊಂಬೆಗಳಾಗುತ್ತಾರೆ. 2015ರಲ್ಲಿ ಚಿತ್ರವನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಇನ್ನೊಮ್ಮೆ ಬಿಡುಗಡೆ ಮಾಡಿದಾಗ ಮುಖಗಳಿಗೆ ಚರ್ಮ ವಾಪಸು ಬಂತು.

ಗ್ರೇನ್ ಬಿಟ್ಟುಕೊಳ್ಳುವುದಕ್ಕೆ ಬೆಲೆ ತೆರಬೇಕು. ಡಿಸ್ಕಿಗೆ ಚಿತ್ರ ತುಂಬುವಾಗ ನಡೆಯುವ ಸಂಕೋಚನದ ತಿರುಳು ಇಷ್ಟೆ: ಹಿಂದಿನ ಚೌಕಟ್ಟಿನಿಂದ ಬದಲಾಗದ್ದನ್ನು ಮತ್ತೆ ಬರೆಯಬೇಡ, ಬದಲಾದದ್ದನ್ನು ಮಾತ್ರ ಬರೆ. ಗ್ರೇನ್ ಪ್ರತಿ ಸಲವೂ ಬದಲಾಗುತ್ತದೆ, ಊಹೆಗೆ ಸಿಗುವುದಿಲ್ಲ. ಗಾಳಿಗೆ ಹಾರುವ ಮರಳೂ ಅಷ್ಟೆ. ಮರಳಿನ ಮೇಲೆ ಗ್ರೇನ್ ಸೇರಿದ ಚಿತ್ರವೆಂದರೆ ಸಂಕೋಚನದ ಯಂತ್ರಕ್ಕೆ ಸಿಂಹಸ್ವಪ್ನ. ಲೆಕ್ಕ ಹಾಕಿ ನೋಡಿ: 4ಕೆ ಟಿವಿಯಲ್ಲಿ ಈ ಚಿತ್ರ ಆವರಿಸುವ ಜಾಗ 3840 ಅಡ್ಡ, ಸುಮಾರು 1745 ಉದ್ದ ಪಿಕ್ಸೆಲ್. ಒಂದು ಪಿಕ್ಸೆಲ್ಲಿನ ಮೂರು ಬಣ್ಣಕ್ಕೆ ತಲಾ 10 ಬಿಟ್ ಎಂದರೂ ಇಡೀ ಚಿತ್ರ ಸಂಕೋಚನವಿಲ್ಲದೆ 8 ಟೆರಾಬೈಟ್ ದಾಟುತ್ತದೆ. 4ಕೆ ಡಿಸ್ಕಿನ ಗರಿಷ್ಠ ಸಾಮರ್ಥ್ಯ 100 ಗಿಗಾಬೈಟ್. 2020ರಲ್ಲಿ ಲಾರೆನ್ಸ್ 4ಕೆ ಬಂದಾಗ ಅದನ್ನು ಎರಡು ಡಿಸ್ಕುಗಳಿಗೆ ಹಂಚಿದ್ದು ಇದಕ್ಕೇ. ಮಧ್ಯಂತರದಲ್ಲಿ ಎದ್ದುಹೋಗಿ ಡಿಸ್ಕ್ ಬದಲಾಯಿಸಬೇಕು. ಟಾಕೀಸಿನಲ್ಲೂ ಮಧ್ಯಂತರಕ್ಕೆ ಏಳುತ್ತಿದ್ದೆವಲ್ಲ.

4ಕೆ ಡಿಸ್ಕ್ ತಂದ ಇನ್ನೊಂದು ಸಂಗತಿ ಎಚ್‌ಡಿಆರ್, ಅಂದರೆ ಬೆಳಕು-ಕತ್ತಲೆಗಳ ನಡುವೆ ಹೆಚ್ಚು ಮೆಟ್ಟಿಲು. ಟಾಕೀಸಿನ ತೆರೆಯ ಅಚ್ಚ ಬಿಳುಪು ಸುಮಾರು 48 ನಿಟ್ ಪ್ರಕಾಶ ಕೊಡುತ್ತದೆ. ಹಳೆಯ ಟಿವಿ ಚಿತ್ರಗಳನ್ನು 100 ನಿಟ್‌ಗೆ ಹೊಂದಿಸುತ್ತಿದ್ದರು. ಎಚ್‌ಡಿಆರ್ 1000 ನಿಟ್ ದಾಟಬಲ್ಲದು. ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಊದಿ ಆರಿಸುವ ಜಾಗವನ್ನು ನೋಡಿ. ಊದಿದ ಮರುಕ್ಷಣ ಮರುಭೂಮಿಯ ದಿಗಂತ, ಕೆಂಪು ಆಕಾಶ, ಮೆಲ್ಲಗೆ ಏಳುವ ಸೂರ್ಯ. ಚಿತ್ರಕತೆಯಲ್ಲಿ ಅಲ್ಲಿ ಒಂದು ದೃಶ್ಯ ಕರಗಿ ಇನ್ನೊಂದಾಗಬೇಕಿತ್ತು. ನೇರ ಕಡಿತವನ್ನೇ ಉಳಿಸಿಕೊಂಡವರು ಆನ್ ಕೋಟ್ಸ್. ಎಚ್‌ಡಿಆರ್‌ನಲ್ಲಿ ಆ ಸೂರ್ಯನನ್ನು ಕಣ್ಣು ಕುಕ್ಕುವಂತೆ ಮಾಡುವುದು ಗುಂಡಿ ತಿರುಗಿಸಿದಷ್ಟು ಸುಲಭ. ಆದರೆ 1962ರ ಪ್ರೇಕ್ಷಕರು ಕಂಡದ್ದು 50 ನಿಟ್‌ಗೂ ಕಡಿಮೆ ಬೆಳಕಿನ ಸೂರ್ಯನನ್ನು. ಕತ್ತಲ ಸಭಾಂಗಣದಲ್ಲಿ ಅವರಿಗೆ ಅದೇ ಪ್ರಖರವಾಗಿತ್ತು. ಲೀನ್ 1991ರಲ್ಲಿ, ಯಂಗ್ 1998ರಲ್ಲಿ ತೀರಿಕೊಂಡಿದ್ದರು. ಬಣ್ಣದ ಬಗ್ಗೆ ಕೊನೆಯ ಮಾತು ಹೇಳಬೇಕಾದ ಇಬ್ಬರೂ ಇಲ್ಲದಾಗ, ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಬಣ್ಣ ಹೊಂದಿಸುವವರ ಸಂಯಮಕ್ಕೆ ಬಿಟ್ಟ ವಿಷಯ.

ಡಿಸ್ಕ್ ಹಾಕಿದೊಡನೆ ಕೆಲವರು ಟಿವಿ ಕೆಟ್ಟಿತೆಂದು ಗಾಬರಿಯಾಗುವುದುಂಟು. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಪರದೆ ಪೂರ್ತಿ ಕಪ್ಪು, ಮೋರಿಸ್ ಜಾರ್ ಸಂಗೀತ ಮಾತ್ರ ಕೇಳುತ್ತದೆ. ಟಾಕೀಸಿನಲ್ಲಿ ಪರದೆ ಸರಿಯುವ ಮುನ್ನ, ಜನ ಬಂದು ಕೂರುತ್ತಿರುವಾಗ ನುಡಿಸಲೆಂದು ಬರೆದ ಪೀಠಿಕೆ ಅದು.

ಕೆಟ್ಟದ್ದನ್ನು ಮಾಡುವುದು ಕೆಲವೊಮ್ಮೆ ಟಿವಿಯೇ. ಚಿತ್ರ ಸೆಕೆಂಡಿಗೆ 24 ಚೌಕಟ್ಟಿನದು. ಹೊಸ ಟಿವಿಗಳು ನಡುನಡುವೆ ತಾವೇ ಊಹಿಸಿದ ಚೌಕಟ್ಟುಗಳನ್ನು ಸೇರಿಸಿ ಚಲನೆಯನ್ನು ನುಣುಪಾಗಿಸುತ್ತವೆ. ಒಂಟೆಗಳ ದಂಡು ಧಾರಾವಾಹಿಯ ಚಿತ್ರೀಕರಣದಂತೆ ಕಾಣತೊಡಗುತ್ತದೆ. ಗ್ರೇನ್ ಅಳಿಸುವ ಸೌಕರ್ಯವೂ ಟಿವಿಯೊಳಗೇ ಇದ್ದು, ಕಾರ್ಖಾನೆಯಿಂದಲೇ ಚಾಲೂ ಆಗಿ ಬಂದಿರುತ್ತದೆ. ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಉಳಿಸಿಕೊಂಡದ್ದು ಕೋಣೆಯ ಗೋಡೆಯ ಮೇಲೆ ತೊಳೆದುಹೋಗುತ್ತದೆ. ಚಿತ್ರ ನಿರ್ದೇಶಕರು ಈ ಬಗ್ಗೆ ದನಿಯೆತ್ತಿದ ಮೇಲೆ, 2019ರಲ್ಲಿ ಟಿವಿ ತಯಾರಕರು ಮತ್ತು ಸ್ಟುಡಿಯೊಗಳ ಒಕ್ಕೂಟವೊಂದು ‘ಫಿಲ್ಮ್‌ಮೇಕರ್ ಮೋಡ್’ ಎಂಬ ಆಯ್ಕೆಯನ್ನು ಪ್ರಕಟಿಸಿತು. ಅದನ್ನು ಒತ್ತಿದರೆ ನುಣುಪು, ತೊಳೆತ ಎರಡೂ ನಿಲ್ಲುತ್ತವೆ. ಬಹಳಷ್ಟು ಟಿವಿಗಳಲ್ಲಿ ಅದು ಚಿತ್ರದ ಸೆಟ್ಟಿಂಗ್ಸ್ ಪಟ್ಟಿಯೊಳಗೆ ಸೇರಿಕೊಂಡಿರುತ್ತದೆ. ಇಲ್ಲದ ಟಿವಿಗಳಲ್ಲಿ ಚಲನೆಯದ್ದೊಂದು, ಗ್ರೇನಿನದ್ದೊಂದು ಎಂದು ಎರಡನ್ನೂ ಬೇರೆಬೇರೆಯಾಗಿ ಹುಡುಕಿ ಬಂದ್ ಮಾಡಬೇಕು.